ಒಟಿಪಿ ಕೇಳುವ ಮೊದಲು ಓದಿ ಹೇಳಬೇಕು



ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದಾಗ ನನ್ನ ಕಣ್ಣ ಮುಂದೆ ಇರುವುದು ಹಳೆಯ ನಾಲ್ಕು ತಾಲೂಕುಗಳು. ಈಚೆಗೆ ಅವುಗಳಿಂದ ಬೇರೆಯಾದ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳೂ ಈ ಮಾತಿನೊಳಗೆ ಸೇರುತ್ತವೆ. ಲಿಂಬೆ, ತೊಗರಿ, ಬಿಳಿಜೋಳ, ಹತ್ತಿ ಬೆಳೆಯುವ ಈ ನೆಲದ ರೈತ ಸರ್ಕಾರದೊಡನೆ, ಬ್ಯಾಂಕಿನೊಡನೆ, ವಿಮಾ ಕಂಪನಿಯೊಡನೆ ವ್ಯವಹರಿಸುವುದು ಈಗ ಬಹುಪಾಲು ಆನ್‌ಲೈನ್ ಸೇವೆಗಳ ಮೂಲಕ. ಉತಾರ ಬೇಕಾದರೆ 'ಭೂಮಿ', ರೈತನೆಂದು ಗುರುತಿಸಿಕೊಳ್ಳಲು 'ಫ್ರೂಟ್ಸ್' ತಂತ್ರಾಂಶದ ಎಫ್‌ಐಡಿ ಸಂಖ್ಯೆ, ಬೆಳೆವಿಮೆಗೆ 'ಸಂರಕ್ಷಣೆ', ಹೊಲದಲ್ಲಿ ಏನಿದೆಯೆಂದು ದಾಖಲಿಸಲು ಬೆಳೆ ಸಮೀಕ್ಷೆಯ ಆ್ಯಪ್. ವರ್ಷಕ್ಕೆ ಮೂರು ಕಂತಿನಲ್ಲಿ ಬರುವ ಪಿಎಂ ಕಿಸಾನ್‌ನ 6,000 ರೂಪಾಯಿಗೂ ಇ-ಕೆವೈಸಿ ಆಗಲೇಬೇಕು. ಇವುಗಳಲ್ಲಿ ಹೆಚ್ಚಿನವುಗಳ ಹೊಸ್ತಿಲಲ್ಲಿ ಒಂದು ಚಿಕ್ಕ ಚೌಕ ಇರುತ್ತದೆ: ಷರತ್ತು ಮತ್ತು ನಿಬಂಧನೆಗಳನ್ನು ಓದಿದ್ದೇನೆ, ಒಪ್ಪಿದ್ದೇನೆ. ಗ್ರಾಮ ಒನ್ ಕೇಂದ್ರದ ಹುಡುಗ ಆ ಚೌಕಕ್ಕೆ ಟಿಕ್ ಹಾಕುತ್ತಾನೆ, ರೈತನ ಮೊಬೈಲಿಗೆ ಒಟಿಪಿ ಬರುತ್ತದೆ, ರೈತ ಆರು ಅಂಕಿ ಹೇಳುತ್ತಾನೆ. ಕಾನೂನಿನ ಕಣ್ಣಿಗೆ ಅಲ್ಲಿಗೆ ಒಂದು ಒಪ್ಪಂದ ಮುಗಿಯಿತು.

ನನ್ನ ವಾದ ಇಷ್ಟೇ. ತಾನು ಬೇಡವೆನ್ನಲಾಗದ ಸೇವೆಗೆ, ತಾನು ಓದಲಾಗದ ಷರತ್ತುಗಳಿಗೆ ಆರು ಅಂಕಿ ಹೇಳಿದವನನ್ನು ಒಪ್ಪಿದವನೆಂದು ಕರೆಯಬಾರದು. ಷರತ್ತು ಬರೆದವರು ಅದನ್ನು ಅವನ ಭಾಷೆಯಲ್ಲಿ ಓದಿ ಹೇಳಿಸಬೇಕು. ಓದಿ ಹೇಳಿಸಿದ್ದನ್ನು ಸಾಬೀತು ಮಾಡುವ ಹೊಣೆಯೂ ಅವರದೇ ಆಗಬೇಕು. ಇದು ಹೊಸ ಬೇಡಿಕೆಯೇನೂ ಅಲ್ಲ. ಕಾಗದ ಮತ್ತು ಹೆಬ್ಬೆಟ್ಟಿನ ಕಾಲದಲ್ಲಿ ನಮ್ಮ ಕಾನೂನು ಇದನ್ನು ಒಪ್ಪಿಕೊಂಡಿತ್ತು, ಇಂದಿಗೂ ಹಲವು ಕಡೆ ಒಪ್ಪಿಕೊಂಡಿದೆ. ಕಾಗದ ಪರದೆಗೆ ಬರುವ ಹೊತ್ತಿಗೆ ಮಾತ್ರ ಆ ಕಟ್ಟಳೆ ದಾರಿಯಲ್ಲೇ ಉಳಿದುಬಿಟ್ಟಿತು.

ಆ ಕಟ್ಟಳೆ ಹುಟ್ಟಿದ್ದು ನಮಗೆ ದೂರದ ಊರುಗಳಲ್ಲಲ್ಲ. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಸಾಹುಕಾರರ ಮನೆ-ಅಂಗಡಿಗಳಿಗೆ ನುಗ್ಗಿದರು. ಕಿಚ್ಚು ಪುಣೆ, ಅಹ್ಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. ಬಂಡೆದ್ದವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು. ಸಿಕ್ಕ ಪತ್ರಗಳನ್ನು ಸುಟ್ಟರು. ತಾವು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನು ಬರೆದಿದೆ ಎಂಬುದು ಅವರಿಗೆ ಗೊತ್ತಾಗುತ್ತಿದ್ದದ್ದು ಕೋರ್ಟಿನ ಬೇಲಿಫ ಬಾಗಿಲಿಗೆ ಬಂದಾಗ. ಸರ್ಕಾರ ಆಯೋಗ ನೇಮಿಸಿತು, 1879ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯ್ದೆ ಬಂದಿತು. ಪುಣೆ, ಸಾತಾರಾ, ಅಹ್ಮದ್‌ನಗರಗಳ ಜೊತೆಗೆ ಇಂಡಿಯ ಎದುರು, ಭೀಮೆಯ ಆಚೆ ದಂಡೆಯ ಸೊಲ್ಲಾಪುರ ಜಿಲ್ಲೆಗೂ ಅದು ಮೊದಲ ದಿನದಿಂದಲೇ ಅನ್ವಯವಾಯಿತು. ಮುಂದೆ ಮುಂಬಯಿ ಪ್ರಾಂತ್ಯದ ಉಳಿದ ಭಾಗಗಳಿಗೂ ಅದರ ಕಲಮುಗಳು ವಿಸ್ತರಿಸಿದವು. ಆ ಕಾಯ್ದೆಯಲ್ಲಿ ಇಂದು ಮತ್ತೆ ತೆರೆದು ಓದಬೇಕಾದ ಏರ್ಪಾಡೊಂದಿದೆ. ರೈತ ಬರೆದುಕೊಡುವ ಕರಾರುಪತ್ರವನ್ನು ಗ್ರಾಮ ರಿಜಿಸ್ಟ್ರಾರನೇ ಬರೆಯಬೇಕು, ಅಥವಾ ಅವನ ಮೇಲುಸ್ತುವಾರಿಯಲ್ಲಿ ಬರೆಸಬೇಕು. ಎರಡೂ ಪಕ್ಷದವರ ಎದುರು ಅದನ್ನು ಗಟ್ಟಿಯಾಗಿ ಓದಬೇಕು. ಆಮೇಲಷ್ಟೇ ಸಹಿ ಅಥವಾ ಹೆಬ್ಬೆಟ್ಟು. ಹೀಗೆ ಬರೆಯದ ಪತ್ರವನ್ನು ಕೋರ್ಟು ಸಾಕ್ಷ್ಯವೆಂದು ಸ್ವೀಕರಿಸುತ್ತಿರಲಿಲ್ಲ. ಅಷ್ಟೇ ಅಲ್ಲ, ರೈತ ಪತ್ರವನ್ನು ಒಪ್ಪಿಕೊಂಡರೂ ನ್ಯಾಯಾಧೀಶ ಅಲ್ಲಿಗೆ ನಿಲ್ಲುವಂತಿರಲಿಲ್ಲ. ಲೇವಾದೇವಿಯ ಮೊದಲಿನಿಂದ ವಿಚಾರಿಸಿ, ಲೆಕ್ಕ ಬಿಡಿಸಿ ನೋಡಬೇಕಿತ್ತು. ಹಣ ಕಟ್ಟಿದ್ದಕ್ಕೆ ರಸೀದಿ, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ, ಕೇಳಿದರೆ ಪಾಸ್‌ಬುಕ್ ಕೊಡುವುದು ಸಾಲ ಕೊಟ್ಟವನ ಕರ್ತವ್ಯವಾಗಿತ್ತು. ವಸಾಹತು ಸರ್ಕಾರ ರೈತನ ಮೇಲೆ ಮಮತೆ ಉಕ್ಕಿ ಇದನ್ನು ಮಾಡಿತೆಂದು ನಾನು ಹೇಳುವುದಿಲ್ಲ. ಕಂದಾಯ ಕಟ್ಟುವವನು ನೆಲ ಕಳೆದುಕೊಂಡರೆ ತನ್ನ ಬೊಕ್ಕಸಕ್ಕೂ ಕುತ್ತು ಎಂಬ ಎಚ್ಚರ ಅದಕ್ಕಿತ್ತು. ಕಾರಣ ಏನೇ ಇರಲಿ, ಕೇಳಿ ತಿಳಿಯದ ಷರತ್ತಿಗೆ ಒತ್ತಿದ ಹೆಬ್ಬೆಟ್ಟಿನಿಂದ ನ್ಯಾಯವೂ ಶಾಂತಿಯೂ ಉಳಿಯವು ಎಂಬುದನ್ನು ಆ ಕಾಯ್ದೆ ಒಪ್ಪಿಕೊಂಡಿತು.

ಇತಿಹಾಸ ಬಲ್ಲವರು ಇಲ್ಲೇ ತಡೆಯಬಹುದು: ಆ ಕಾಯ್ದೆ ಸೋತಿತಲ್ಲ? ಅದರ ಕೆಲವು ಭಾಗ ಸೋತದ್ದು ನಿಜ. ಅಡಮಾನಪತ್ರ ಬರೆಸಿದರೆ ವಿಚಾರಣೆಯ ಕಾಟ ಎಂದು ಸಾಹುಕಾರರು ನೇರವಾಗಿ ಖರೀದಿಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಹೆಸರಿಗೆ ಮಾರಾಟ, ಒಳಗೆ ಅಡಮಾನ. ಆಗ ಪತ್ರದ ಮಾತನ್ನು ಮೀರಿ ವ್ಯವಹಾರದ ನಿಜಸ್ವರೂಪ ನೋಡಲು ಕೋರ್ಟಿಗೆ ಅಧಿಕಾರ ಕೊಡುವ ತಿದ್ದುಪಡಿ ಬೇಕಾಯಿತು. ಓದಿ ಹೇಳಿದರೆ ಎಲ್ಲ ಮೋಸವೂ ನಿಲ್ಲುತ್ತದೆ ಎಂದು ಭಾವಿಸಬಾರದೆಂಬ ಪಾಠ ಅದರಲ್ಲಿದೆ. ಆದರೆ ಓದಿ ಹೇಳಬೇಕಿಲ್ಲ ಎಂಬ ಪಾಠ ಅದರಲ್ಲಿ ಇಲ್ಲ.

ಆ ಕಾಯ್ದೆ ಹೋದರೂ ಅದರ ಹಿಂದಿನ ತತ್ವ ನಮ್ಮ ಕಾನೂನಿನಲ್ಲಿ ಅಲ್ಲಲ್ಲಿ ಜೀವಂತವಾಗಿದೆ. ಪೊಲೀಸ್ ಠಾಣೆಯಲ್ಲಿ ಬಾಯಿಮಾತಿನ ದೂರನ್ನು ಬರೆದುಕೊಂಡರೆ ದೂರು ಕೊಟ್ಟವನಿಗೆ ಅದನ್ನು ಓದಿ ಹೇಳಲೇಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮಿನಲ್ಲಿದ್ದ ಈ ಮಾತು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೂ ಮುಂದುವರಿದಿದೆ. ಜೀವವಿಮೆಯ ಅರ್ಜಿಗೆ ಹೆಬ್ಬೆಟ್ಟು ಒತ್ತುವವರಿದ್ದರೆ, ಇದನ್ನು ಓದಿ ವಿವರಿಸಿದ್ದೇನೆ ಎಂದು ಇನ್ನೊಬ್ಬರು ಸಹಿ ಮಾಡುವ ಜಾಗ ಅದರಲ್ಲೇ ಇದೆ. ಪರದಾ ಪದ್ಧತಿಯಲ್ಲಿರುವ ಹೆಣ್ಣುಮಕ್ಕಳಿಂದ ಬರೆಸಿಕೊಂಡ ಪತ್ರಗಳ ವಿಚಾರದಲ್ಲಿ, ಅದರ ಅರ್ಥ ಅವರಿಗೆ ತಿಳಿದಿತ್ತೆಂದು ಸಾಬೀತು ಮಾಡುವ ಭಾರ ಪತ್ರದ ಲಾಭ ಪಡೆಯುವವರದೆಂದು ಸುಪ್ರೀಂ ಕೋರ್ಟು ಖರ್ಬುಜಾ ಕುವರ್ ಪ್ರಕರಣದಲ್ಲಿ ಹೇಳಿತು. ಅನಕ್ಷರಸ್ಥರಿಗೂ ವೃದ್ಧರಿಗೂ ಕೋರ್ಟುಗಳು ಆ ರಕ್ಷಣೆಯನ್ನು ಚಾಚಿವೆ. ಇನ್ನೂ ಹತ್ತಿರದ ಉದಾಹರಣೆ ರಿಸರ್ವ್ ಬ್ಯಾಂಕಿನದು. 2024ರ ಏಪ್ರಿಲ್ 15ರ ಅದರ ಸುತ್ತೋಲೆಯ ಪ್ರಕಾರ ಚಿಲ್ಲರೆ ಸಾಲ ಮತ್ತು ಸಣ್ಣ ಉದ್ದಿಮೆಗಳ ಅವಧಿ ಸಾಲ ಕೊಡುವಾಗ ಮುಖ್ಯಾಂಶಗಳ ಪತ್ರವೊಂದನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ವಿವರಿಸಬೇಕು, ಅರ್ಥವಾಯಿತೆಂದು ಅವನಿಂದ ಸ್ವೀಕೃತಿ ಪಡೆದುಕೊಳ್ಳಬೇಕು. ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಸಾಲ ಕೊಡುವ ಕಂಪನಿಗಳನ್ನೂ ಇದು ಬಿಟ್ಟಿಲ್ಲ. ಲಾಭಕ್ಕೆ ಸಾಲ ಕೊಡುವವರ ಮೇಲೆ ಹೊರಿಸಬಹುದಾದ ಕರ್ತವ್ಯವನ್ನು ಬೆಳೆವಿಮೆಯ ಮೇಲೆ, ರೈತರ ನೋಂದಣಿಯ ಮೇಲೆ ಹೊರಿಸಲು ಏನು ಅಡ್ಡಿ?

ಓದಿ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಳೆವಿಮೆಗಿಂತ ಒಳ್ಳೆಯ ನಿದರ್ಶನ ಬೇಡ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ನಡೆದಿದೆ. ರೈತನ ಪಾಲಿನ ಕಂತು ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ. 5. ಇಷ್ಟು ಎಲ್ಲರಿಗೂ ಗೊತ್ತು, ಏಕೆಂದರೆ ಇದು ಕಟ್ಟಬೇಕಾದ ದುಡ್ಡು. ಗೊತ್ತಿಲ್ಲದೇ ಉಳಿಯುವುದು ದುಡ್ಡು ಬರಲು ಬೇಕಾದ ಷರತ್ತು. ಆಲಿಕಲ್ಲು ಬಿದ್ದು ಬೆಳೆ ನೆಲ ಕಚ್ಚಿದರೆ ಅಥವಾ ಡೋಣಿ ಹೊಳೆ ಉಕ್ಕಿ ಹೊಲದಲ್ಲಿ ನೀರು ನಿಂತರೆ 72 ಗಂಟೆಯೊಳಗೆ ತಿಳಿಸಬೇಕು. ಕಟಾವು ಮಾಡಿ ಒಣಗಲು ಹೊಲದಲ್ಲಿ ಹರವಿದ ಬೆಳೆಗೆ ಅಕಾಲ ಮಳೆ ಬಂದರೆ ರಕ್ಷಣೆ ಇರುವುದು ಕಟಾವಿನಿಂದ 14 ದಿನದವರೆಗೆ, ಅದಕ್ಕೂ 72 ಗಂಟೆಯ ಗಡುವು. ರಸ್ತೆ ಮುಳುಗಿ, ಕರೆಂಟು ಹೋಗಿ, ಮೊಬೈಲು ಸತ್ತು ಬಿದ್ದಿರುವ ಮೂರು ದಿನಗಳೇ ಯೋಜನೆಯ ಮೂರು ದಿನಗಳು. ವಿಮೆಗೆ ಬರೆಸಿದ ಬೆಳೆಗೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ಹೊಂದಿಕೆಯಾಗದಿದ್ದರೆ ಅರ್ಜಿಯೇ ಬೀಳುವ ಅಪಾಯವಿದೆ. ತೊಗರಿಯ ಸಾಲಿನ ನಡುವೆ ಅಕ್ಕಡಿಯಾಗಿ ಹೆಸರನ್ನೋ ಸಜ್ಜೆಯನ್ನೋ ಬಿತ್ತುವ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಇನ್ನು ಸಾಲ ಮಾಡಿದ ರೈತನ ಸಂಗತಿ. 2020ರ ಮುಂಗಾರಿನಿಂದ ವಿಮೆ ಅವನಿಗೆ ಐಚ್ಛಿಕ. ಆದರೆ ಬೇಡವೆಂದಾದರೆ ನೋಂದಣಿಯ ಕೊನೆಯ ದಿನಕ್ಕೆ ಏಳು ದಿನ ಮೊದಲು ಬ್ಯಾಂಕಿಗೆ ಬರೆದುಕೊಡಬೇಕು. ಸುಮ್ಮನಿದ್ದರೆ ಕಂತು ಕಡಿತವಾಗುತ್ತದೆ. ಮೌನವನ್ನು ಒಪ್ಪಿಗೆಯೆಂದು ಎಣಿಸಬಾರದು ಎನ್ನುವುದು ಕರಾರು ಕಾನೂನಿನ ಮೊದಲ ಪಾಠಗಳಲ್ಲೊಂದು. ಇಲ್ಲಿ ಮೌನವೇ ಒಪ್ಪಿಗೆ, ಅದೂ ಆಯ್ಕೆ ಇದೆಯೆಂದೇ ತಿಳಿಯದವನ ಮೌನ. ಈ ನಾಲ್ಕೈದು ಷರತ್ತುಗಳನ್ನು ಗಟ್ಟಿಯಾಗಿ ಓದಲು ಮೂರು ನಿಮಿಷ ಸಾಕು. ಆ ಮೂರು ನಿಮಿಷದ ಬೆಲೆ ಒಂದು ಹಂಗಾಮಿನ ಪರಿಹಾರ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ ಒಂದಿದೆ: ಷರತ್ತುಗಳನ್ನು ಓದುವವರಾದರೂ ಯಾರು? ಬೆಂಗಳೂರಿನ ಎಂಜಿನಿಯರು ಓದುವುದಿಲ್ಲ, ವಕೀಲರೂ ಓದುವುದಿಲ್ಲ, ರೈತನಿಗೆ ಮಾತ್ರ ಏಕೆ ವಿಶೇಷ ಏರ್ಪಾಡು? ಉತ್ತರ ಎರಡು ಹಂತದ್ದು. ಹಾಡು ಕೇಳುವ ಆ್ಯಪಿನ ಷರತ್ತು ಓದದ ಎಂಜಿನಿಯರು ಕಳೆದುಕೊಳ್ಳುವುದು ಅಲ್ಪ, ಬೇಡವಾದರೆ ಅದನ್ನು ಅಳಿಸಿಹಾಕಬಹುದು. ಎಫ್‌ಐಡಿ ಇಲ್ಲದ ರೈತನಿಗೆ ಸಹಾಯಧನದ ಬಾಗಿಲೇ ತೆರೆಯದು. ಬೇಡವೆನ್ನುವ ದಾರಿ ಇಲ್ಲದ ಕಡೆ ಕಾನೂನು ಹೆಚ್ಚು ಬಿಗಿಯಾಗಿ ನೋಡಬೇಕು. ಬ್ರಜನಾಥ ಗಂಗೂಲಿ ಪ್ರಕರಣದಲ್ಲಿ 1986ರಲ್ಲೇ ಸುಪ್ರೀಂ ಕೋರ್ಟು ಇದನ್ನು ಹೇಳಿದೆ: ಚುಕ್ಕೆ ಗೆರೆಯ ಮೇಲೆ ಸಹಿ ಹಾಕದೆ ಬೇರೆ ಗತಿಯಿಲ್ಲದ ದುರ್ಬಲನ ಮೇಲೆ ಬಲಿಷ್ಠನು ಹೇರಿದ ಅನ್ಯಾಯದ ಷರತ್ತು ಕರಾರು ಕಾಯ್ದೆಯ 23ನೇ ಕಲಮಿನಡಿ ಊರ್ಜಿತವಲ್ಲ. ಎರಡನೆಯದು ಓದಬಲ್ಲವನು ಓದದಿರುವುದಕ್ಕೂ ಓದಲಾರದವನಿಗೆ ಓದಿ ಹೇಳದಿರುವುದಕ್ಕೂ ಇರುವ ಅಂತರ. 2011ರ ಜನಗಣತಿಯಲ್ಲಿ ವಿಜಯಪುರ ಜಿಲ್ಲೆಯ ಸಾಕ್ಷರತೆ ಶೇ. 67ರ ಆಸುಪಾಸು, ರಾಜ್ಯದ್ದು ಶೇ. 75 ದಾಟಿತ್ತು. ಹೆಣ್ಣುಮಕ್ಕಳ ಪ್ರಮಾಣ ಇದಕ್ಕೂ ಕೆಳಗೆ, ಹೊಲ ನೋಡಿಕೊಳ್ಳುವ ಹಿರಿಯರದು ಇನ್ನೂ ಕೆಳಗಿರಬೇಕು. ಅಕ್ಷರ ಬಲ್ಲವರಿಗೂ ಇಂಗ್ಲಿಷಿನಲ್ಲೋ ಯಂತ್ರ ಅನುವಾದಿಸಿದಂಥ ಕನ್ನಡದಲ್ಲೋ ಇರುವ ಷರತ್ತು ದಕ್ಕುವುದಿಲ್ಲ. ಕರಾರು ಕಾಯ್ದೆಯ 13ನೇ ಕಲಮು ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು ಎನ್ನುತ್ತದೆ. ಇಲ್ಲಿ ಒಬ್ಬರ ತಲೆಯಲ್ಲಿ ಅರ್ಥವೇ ಮೂಡಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸರ್ಕಾರದ ಕಡೆಯಿಂದ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಮು ಸಹಾಯಧನ, ಸವಲತ್ತು, ಸೇವೆ, ಪ್ರಮಾಣಪತ್ರ, ಪರವಾನಗಿಗಳನ್ನು ಕೊಡುವಾಗ ಕೆಲವು ಸಂದರ್ಭಗಳಲ್ಲಿ ಸರ್ಕಾರಕ್ಕೆ ಹೊಸದಾಗಿ ಸಮ್ಮತಿ ಪಡೆಯದೆ ದತ್ತಾಂಶ ಬಳಸುವ ಅವಕಾಶ ಕೊಟ್ಟಿದೆ. ಸಮ್ಮತಿಯೇ ಬೇಕಿಲ್ಲದ ಮೇಲೆ ಓದಿ ಹೇಳುವ ಪ್ರಶ್ನೆ ಎಲ್ಲಿ? ಇದಕ್ಕೆ ನನ್ನ ಉತ್ತರ: ಸಮ್ಮತಿ ಬೇಡವೆಂದರೆ ಸಮ್ಮತಿಯ ಚೌಕವನ್ನು ತೆಗೆಯಿರಿ. ಎಫ್‌ಐಡಿಗೆ ಆಧಾರ್ ಕೊಡುವುದು, ಉತಾರಕ್ಕೆ ಆಧಾರ್ ಜೋಡಿಸುವುದು, ಅದರ ಮಾಹಿತಿ ಯಾವ ಯಾವ ಇಲಾಖೆಗೆ, ಬ್ಯಾಂಕಿಗೆ ಹೋಗುತ್ತದೆ ಎಂಬುದೆಲ್ಲ ಆಡಳಿತದ ಅಗತ್ಯವಾದರೆ ಅದನ್ನು ನಿಯಮವಾಗಿ ರಚಿಸಬೇಕು, ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ಸದನದ ಮುಂದಿಡಬೇಕು. ನಿಯಮವಾದರೆ ಅದನ್ನು ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ಪ್ರಶ್ನಿಸಬಹುದು, ಶಾಸಕರನ್ನು ಕೇಳಬಹುದು. ಈಗಿನ ಸ್ಥಿತಿಯಲ್ಲಿ ಸರ್ಕಾರಕ್ಕೆ ಎರಡೂ ಕಡೆಯ ಅನುಕೂಲ: ಪ್ರಶ್ನಿಸಿದರೆ 'ನೀವೇ ಒಪ್ಪಿದ್ದೀರಿ', ಒಪ್ಪುವುದಿಲ್ಲವೆಂದರೆ 'ಹಾಗಾದರೆ ಸೇವೆ ಇಲ್ಲ'. ಪ್ರಜೆಯ ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ಹಕ್ಕಿಗೆ ಮಿತಿ ಹಾಕಲು ಕಾನೂನು ಬೇಕು ಎಂಬುದು ಆ ತೀರ್ಪಿನ ತಿರುಳುಗಳಲ್ಲೊಂದು. ಪರದೆಯ ಮೇಲಿನ ಚೌಕ ಕಾನೂನಿನ ಜಾಗ ತುಂಬಲಾರದು.

ಸಮ್ಮತಿ ಬೇಕಾದ ಕಡೆ, ಅಂದರೆ ವಿಮಾ ಕಂಪನಿ, ಖಾಸಗಿ ಸಾಲದ ಆ್ಯಪ್, ಬೀಜ-ಗೊಬ್ಬರ ಮಾರುವ ಆನ್‌ಲೈನ್ ಅಂಗಡಿಗಳಲ್ಲಿ, ಅದೇ ಕಾಯ್ದೆ ನಮ್ಮ ಕೈಗೆ ಒಳ್ಳೆಯ ಸಾಧನ ಕೊಟ್ಟಿದೆ. ಸಮ್ಮತಿ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು. ದತ್ತಾಂಶ ಬಳಕೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕು. ಸೂಚನೆ ಕೊಟ್ಟೆವು, ಸಮ್ಮತಿ ಪಡೆದೆವು ಎಂದು ಸಾಬೀತು ಮಾಡುವ ಹೊಣೆ ಕಂಪನಿಯದು. 2025ರ ನವೆಂಬರಿನಲ್ಲಿ ಇದರ ನಿಯಮಗಳು ಪ್ರಕಟವಾದವು. ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಭಾಷೆಯ ಆಯ್ಕೆಯನ್ನು ವ್ಯಕ್ತಿಗೆ ಕೊಟ್ಟದ್ದು ನನಗೆ ಈ ಕಾಯ್ದೆಯ ಅತ್ಯಂತ ಬೆಲೆಯುಳ್ಳ ಮಾತಾಗಿ ಕಾಣುತ್ತದೆ. ಚಡಚಣದಿಂದ ಸ್ವಲ್ಪ ಆಚೆ ಹೋದರೆ ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ. ಅಲ್ಲಿನ ಕನ್ನಡಿಗ ರೈತನಿಗೆ ಸಾತ್‌ಬಾರಾ ಎಂಬ ಉತಾರ ಮರಾಠಿಯಲ್ಲಿ, ಸರ್ಕಾರದ ಪೋರ್ಟಲ್ ಮರಾಠಿಯಲ್ಲಿ. ಅವನೊಡನೆ ವ್ಯವಹರಿಸುವ ಕಂಪನಿಯಾದರೂ ಅವನಿಗೆ ಕನ್ನಡದಲ್ಲಿ ಆ ಸೂಚನೆ ತೋರಿಸುವುದು ಇನ್ನು ಮುಂದೆ ಕೃಪೆಯ ಮಾತಲ್ಲ. ಆದರೆ ಕಾಯ್ದೆಯಲ್ಲಿ ಒಂದು ಕೊರತೆ ಉಳಿದಿದೆ. ಅದು ಓದುವ ಆಯ್ಕೆ ಕೊಟ್ಟಿದೆ, ಕೇಳುವ ಆಯ್ಕೆ ಕೊಟ್ಟಿಲ್ಲ. 1879ರ ಕಾಯ್ದೆಗೆ ಗೊತ್ತಿದ್ದ ಕಿವಿ 2023ರ ಕಾಯ್ದೆಗೆ ನೆನಪಾಗಲಿಲ್ಲ.

ವ್ಯಾಜ್ಯ ಎಲ್ಲಿ ನಡೆಯಬೇಕು ಎಂಬ ಷರತ್ತಿನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅನೇಕರು ಅದನ್ನು ಕೇಳಿಯೇ ಎದೆಗುಂದುತ್ತಾರೆ. ಯಾವುದೇ ತಕರಾರು ಬಂದರೆ ದೆಹಲಿಯ ಅಥವಾ ಮುಂಬಯಿಯ ನ್ಯಾಯಾಲಯಕ್ಕೆ ಮಾತ್ರ ಅಧಿಕಾರ ಎಂದು ಕಂಪನಿಗಳು ಬರೆದಿರುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ದುಡ್ಡು ಕೊಟ್ಟು ಸೇವೆ ಪಡೆದ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮುದ್ದೇಬಿಹಾಳದವನಿಗೆ ಅದು ವಿಜಯಪುರ. ಗ್ರಾಹಕನ ಹಕ್ಕನ್ನು ವಿಪರೀತವಾಗಿ ಏರುಪೇರು ಮಾಡುವ ಕರಾರನ್ನು ಅನುಚಿತ ಕರಾರೆಂದು ಗುರುತಿಸಿದ್ದೂ ಈ ಕಾಯ್ದೆಯೇ. ಅಂಥ ದೂರು ಕೇಳುವ ಅಧಿಕಾರವನ್ನು ರಾಜ್ಯ ಆಯೋಗಕ್ಕೆ ಕೊಟ್ಟಿದೆ. ಷರತ್ತಿನ ಹಾಳೆಯಲ್ಲಿ ಬರೆದದ್ದೆಲ್ಲ ಕಾನೂನಲ್ಲ ಎಂಬುದನ್ನೂ ಓದಿ ಹೇಳುವವನು ಹೇಳಬೇಕಾಗುತ್ತದೆ.

ಕೊನೆಗೆ ಉಳಿಯುವುದು ಸಮಯದ ಮತ್ತು ದುಡ್ಡಿನ ಪ್ರಶ್ನೆ. ವಿಮೆಯ ಕೊನೆಯ ದಿನ ಹತ್ತಿರ ಬಂದಾಗ ಗ್ರಾಮ ಒನ್, ಸಿಎಸ್‌ಸಿ ಕೇಂದ್ರಗಳ ಮುಂದೆ ಸಾಲು ಉದ್ದ, ಸರ್ವರ್ ನಿಧಾನ. ಪ್ರತಿಯೊಬ್ಬನಿಗೂ ಮೂರು ನಿಮಿಷ ಓದುತ್ತಾ ಕೂತರೆ ಅರ್ಧ ಜನ ಹೊರಗೇ ಉಳಿಯುತ್ತಾರೆ ಎನ್ನುವವರ ಆತಂಕ ನಿಜವಾದದ್ದು. ಕೇಂದ್ರ ನಡೆಸುವವನಿಗೆ ಸಿಗುವುದು ಅರ್ಜಿಗೆ ಇಷ್ಟೆಂಬ ಶುಲ್ಕ, ಓದಿದ್ದಕ್ಕೆ ಅವನಿಗೆ ಕವಡೆಯೂ ಇಲ್ಲ. ಆದ್ದರಿಂದ ಅವನ ಒಳ್ಳೆಯತನದ ಮೇಲೆ ಈ ಕರ್ತವ್ಯ ಹೊರಿಸುವುದು ಸರಿಯಲ್ಲ. ಒಟಿಪಿಯ ಜೊತೆಗೇ ರೈತನ ಮೊಬೈಲಿಗೆ ಕರೆ ಬಂದು ಮುಖ್ಯ ಷರತ್ತುಗಳನ್ನು ನಮ್ಮ ಕಡೆಯ ಕನ್ನಡದಲ್ಲಿ ಹೇಳುವ ಧ್ವನಿಮುದ್ರಣ ಕೇಳಿಸಬಹುದು; ಸಾಲಿನಲ್ಲಿ ನಿಂತವರಿಗೆ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ ಒಟ್ಟಿಗೆ ಒಮ್ಮೆ ಓದಿ ಹೇಳಬಹುದು; ನೋಂದಣಿ ಮಾಡಿದ ಮೇಲೆ ಬೇಡವೆನ್ನಲು ಕೆಲವು ದಿನಗಳ ಅವಕಾಶ ಕೊಡಬಹುದು. ಡಿಜಿಟಲ್ ಸಾಲದಲ್ಲಿ ಇಂಥ ಮರುಯೋಚನೆಯ ಅವಧಿಯನ್ನು ರಿಸರ್ವ್ ಬ್ಯಾಂಕು 2022ರಲ್ಲೇ ಕಡ್ಡಾಯ ಮಾಡಿದೆ. ಒಂದು ಪುಟದಲ್ಲಿ ದಪ್ಪಕ್ಷರದಲ್ಲಿ ಗಡುವುಗಳು, ದೂರವಾಣಿ ಸಂಖ್ಯೆ, ದೂರು ಕೊಡುವ ಜಾಗ ಮುದ್ರಿಸಿ ರಸೀದಿಯ ಜೊತೆ ಕೊಡಬೇಕು. 72 ಗಂಟೆಯ ಷರತ್ತು ನೆನಪಾಗಬೇಕಾದದ್ದು ನೋಂದಣಿಯ ದಿನ ಅಲ್ಲ, ಮಳೆ ಸುರಿದ ರಾತ್ರಿ. ಇದರ ವೆಚ್ಚ ವಿಮಾ ಕಂಪನಿಯ ಮೇಲೆ ಬೀಳಬೇಕು, ಕೇಂದ್ರ ನಡೆಸುವವನಿಗೆ ಓದಿದ ಪ್ರತಿ ಅರ್ಜಿಗೂ ಪ್ರತ್ಯೇಕ ಶುಲ್ಕ ಸಲ್ಲಬೇಕು. ಓದಿ ಹೇಳಿದ ದಾಖಲೆ ಕಂಪನಿಯ ಬಳಿ ಇಲ್ಲದಿದ್ದರೆ, ಗಡುವು ಮೀರಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ರಾಜ್ಯ ಸರ್ಕಾರ ಹಂಗಾಮಿನ ಅಧಿಸೂಚನೆಯಲ್ಲೇ ಸೇರಿಸಲಿ. ಟೆಂಡರಿನಲ್ಲಿ ಗೆದ್ದ ಕಂಪನಿಯನ್ನು ಜಿಲ್ಲೆಗೆ ನೇಮಿಸುವುದು ಆ ಅಧಿಸೂಚನೆಯೇ. ಮುಂದಿನ ಮುಂಗಾರಿನ ಅಧಿಸೂಚನೆಗೆ ಈ ಒಂದು ವಾಕ್ಯ ಸೇರಿಸಲು ಹೊಸ ಕಾಯ್ದೆ ಬೇಕಾಗಿಲ್ಲ.